ತಲೆಕಟ್ಟಿಲ್ಲದ ಹೆಸರು

ಕಲ್ಲಿನ ಪುಡಿ ಬೀಳದ ಜಾಗ ಆ ಮನೆಯಲ್ಲಿ ಇರಲಿಲ್ಲ. ಕಿಟಕಿಯ ಸರಳು, ನೀರಿನ ಕೊಡದ ಕಂಠ, ಹಿತ್ತಲ ತಂತಿಯ ಮೇಲೆ ಒಣಹಾಕಿದ ಮಗುವಿನ ಬಟ್ಟೆ, ಎಲ್ಲದರ ಮೇಲೂ ಬೂದುಬಣ್ಣದ ತೆಳುವಾದ ಪದರ. ಸೊಸೆ ಒಂದೊಂದು ಬಟ್ಟೆಯನ್ನೂ ಮೂರು ಮೂರು ಸಲ ಕೊಡವಿಯೇ ಒಳಗೆ ತರುತ್ತಿದ್ದಳು. ದೊಡ್ಡ ಪಟ್ಟಣದಲ್ಲಿ ಓದಿದವಳು. ಪುಡಿ ಎಳೆಯ ಮಗುವಿನ ಎದೆಗೆ ಒಳ್ಳೆಯದಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಅವಳನ್ನು ಕೊರೆಯುತ್ತಿದ್ದ ಚಿಂತೆ ಶಾಲೆಯಲ್ಲಿ ಕಲಿತದ್ದಲ್ಲ. ಆ ಪುಡಿ ಸತ್ತವರ ಹೆಸರಿನೊಳಗಿಂದ ಎದ್ದು ಬಂದದ್ದು. ಉಳಿ ಕೆರೆದು ತೆಗೆದ ಅಷ್ಟು ಕಲ್ಲು ಗಾಳಿಯಲ್ಲಿ ಸೇರಿ ಮಗನ ಮೂಗಿನೊಳಗೆ ಹೋಗುತ್ತಿದೆಯಲ್ಲ ಎಂದುಕೊಂಡು ಇನ್ನೊಂದು ಸಲ ಕೊಡವುತ್ತಿದ್ದಳು.

ಮಾವ ಸಮಾಧಿಯ ಕಲ್ಲುಗಳ ಮೇಲೆ ಹೆಸರು ಕೆತ್ತುವವರು. ನಲವತ್ತೈದು ವರ್ಷದಿಂದ ಅದೇ ಕೆಲಸ, ಅದೇ ಅಂಗಳ. ಊರಿನಲ್ಲಿ ಆ ಕಸುಬಿನವರು ಅವರೊಬ್ಬರೇ. ಕುಳ್ಳಗಿನ ದೇಹ, ಒಂದು ಕಿವಿ ಮಂದ, ಹುಬ್ಬಿನ ಮೇಲೆ ಸದಾ ಪುಡಿ ಕೂತಿರುವುದರಿಂದ ವಯಸ್ಸಿಗೆ ಮುಂಚೆಯೇ ಮುದುಕರಂತೆ ಕಂಡವರು. ಈಗ ವಯಸ್ಸೇ ಬಂದು ಅದಕ್ಕೆ ಸರಿಹೋಗಿತ್ತು. ಮಾತಿಗೆ ಬರವಿಲ್ಲ. "ನನ್ನ ಗಿರಾಕಿಗಳಲ್ಲಿ ಒಬ್ಬರೂ ಇವತ್ತಿನವರೆಗೆ ಬಂದು ದೂರು ಹೇಳಿಲ್ಲ" ಎಂಬ ಹಾಸ್ಯವನ್ನು ವಾರಕ್ಕೊಮ್ಮೆ ಹೇಳಿ ತಾವೇ ನಗುತ್ತಿದ್ದರು. ಊರು ಅವರನ್ನು ಕರೆಯುತ್ತಿದ್ದದ್ದು ತಲೆಕಟ್ಟು ತಾತ ಎಂದು.

ಆ ಅಡ್ಡಹೆಸರು ಬಂದದ್ದು ಅವರು ಕೆಲಸ ಮಾಡುವ ರೀತಿಯಿಂದ. ಮೊದಲು ಅಕ್ಷರಗಳ ಮೈಯನ್ನಷ್ಟೇ ಕೆತ್ತುತ್ತಿದ್ದರು. ಒಂದಕ್ಕೂ ತಲೆಕಟ್ಟು ಹಾಕುತ್ತಿರಲಿಲ್ಲ. ಕಲ್ಲಿನ ಮೇಲೆ ಬೋಳುತಲೆಯ ಅಕ್ಷರಗಳು ಸಾಲಾಗಿ ಕೂತಿರುವಾಗ ಸತ್ತವರ ಮನೆಯವರಿಗೆ ಹೇಳಿಕಳಿಸುತ್ತಿದ್ದರು. ಅವರಲ್ಲಿ ಒಬ್ಬರು ಬಂದು ಹೆಸರನ್ನು ಗಟ್ಟಿಯಾಗಿ ಓದಿ, "ಹೌದು, ಇವರೇ" ಅನ್ನಬೇಕು. ಆಮೇಲೆಯೇ ಸಣ್ಣ ಉಳಿ ತೆಗೆದು ಒಂದೊಂದಾಗಿ ತಲೆಕಟ್ಟು ಇಡುವುದು. "ಕಾಗದದ ತಪ್ಪನ್ನ ರಬ್ಬರ್ ಅಳಿಸುತ್ತೆ, ಕಲ್ಲಿನ ತಪ್ಪನ್ನ ಯಾರಪ್ಪ ಅಳಿಸ್ತಾರೆ? ತಲೆಕಟ್ಟು ಬೀಳೋವರೆಗೂ ಅದು ಬರೀ ಗೀರು. ಬಿದ್ದ ಮೇಲೆ ಮನುಷ್ಯ" ಎನ್ನುತ್ತಿದ್ದರು.

ಸೊಸೆಯ ಮಗ ಎಂಟನೇ ತಿಂಗಳಿಗೇ ಹುಟ್ಟಿದ್ದ. ಹದಿನೇಳು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಬಂದವನು. ಮೂರು ತಿಂಗಳಾಗುತ್ತ ಬಂದರೂ ಅವನು ನಿದ್ದೆ ಹೋದರೆ ಅವಳಿಗೆ ನಿದ್ದೆಯಿಲ್ಲ. ಕೈಗನ್ನಡಿಯನ್ನು ಅವನ ಮೂಗಿನ ಬಳಿ ಹಿಡಿದು ಮಂಜು ಮೂಡುವುದನ್ನು ನೋಡುತ್ತಿದ್ದಳು. ಮೂಡಲು ಅರೆಗಳಿಗೆ ತಡವಾದರೆ ಅಂಗಾಲು ಚಿವುಟಿ ಎಬ್ಬಿಸುತ್ತಿದ್ದಳು. ಗಂಡ ಗೂಡ್ಸ್ ರೈಲಿನ ಗಾರ್ಡು. ವಾರದಲ್ಲಿ ನಾಲ್ಕು ದಿನ ಹಳಿಯ ಮೇಲೆ. ಹೆಸರಿನ ವಿಷಯ ಎತ್ತಿದಾಗೆಲ್ಲ "ನೀನೇ ನೋಡೇ" ಎಂಬ ಮೆಸೇಜು ಬರುತ್ತಿತ್ತು. ಜನನ ನೋಂದಣಿಯಲ್ಲಿ ಹೆಸರು ಬರೆಸಲು ಕೊನೆಯ ದಿನ ಆ ಶುಕ್ರವಾರ.

"ಹೆರೋಕೆ ಎಂಟು ತಿಂಗಳು ಸಾಕಾಯ್ತು ನಿಂಗೆ, ಹೆಸರಿಡೋಕೆ ಮಾತ್ರ ವರ್ಷ ಬೇಕೇನೋ" ಎಂದು ಅತ್ತೆ ಚುಚ್ಚುತ್ತಿದ್ದರು.

ಸೊಸೆ ಸುಮ್ಮನೆ ಕೂತಿರಲಿಲ್ಲ. ಗ್ರಂಥಾಲಯದಿಂದ ಹೆಸರುಗಳ ದಪ್ಪನೆಯ ಪುಸ್ತಕ ತಂದಿದ್ದಳು, ಫೋನಿನಲ್ಲಿ ಪಟ್ಟಿಗಳನ್ನು ಜಾಲಾಡಿದ್ದಳು. ಅವಳಿಗೆ ಚಂದದ ಹೆಸರು ಬೇಡ, ಗಟ್ಟಿ ಹೆಸರು ಬೇಕಿತ್ತು. ಮಗುವನ್ನು ಹಿಡಿದು ನಿಲ್ಲಿಸುವಂಥದ್ದು. ಬುಧವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದಳು.

"ಮಾವ, ಹೆಸರು ಸಿಕ್ಕಿತು. ಫೆಲಿಕ್ಸ್."

ಮಾವ ತಟ್ಟೆಯಿಂದ ತಲೆಯೆತ್ತಲಿಲ್ಲ. ಮಂದ ಕಿವಿಯ ಕಡೆ ಹೇಳಿದೆನೇನೋ ಎಂದು ಅವಳು ಇನ್ನೊಮ್ಮೆ ಹೇಳಿದಳು.

"ಆ ಹೆಸರಿಗೆ ಅರ್ಥ ಏನೇ?" ಎಂದರು ಅತ್ತೆ.

ಅವಳಿಗೆ ಹುರುಪು ಬಂತು. ಅದು ಲ್ಯಾಟಿನ್ ಮಾತು, ಅರ್ಥ ಅದೃಷ್ಟವಂತ, ಸುಖಿ ಎಂದಳು. ಮೊದಮೊದಲು ಆ ಮಾತನ್ನು ಮನುಷ್ಯರಿಗಲ್ಲ, ಮರಕ್ಕೆ ಹೇಳುತ್ತಿದ್ದರಂತೆ. ಫಲ ಬಿಡುವ ಮರ ಫೆಲಿಕ್ಸ್. ನಮ್ಮ ಫಲಕ್ಕೂ ಅದಕ್ಕೂ ನಂಟಿಲ್ಲ ಎಂದು ಪುಸ್ತಕ ಹೇಳುತ್ತದೆ, ಆದರೆ ಕಿವಿಗೆ ನಂಟು ಕೇಳಿಸುತ್ತದಲ್ಲ. ಆಮೇಲೆ ಹಳೆಯ ರೋಮಿನ ಸೇನಾಪತಿಯೊಬ್ಬ ಗೆದ್ದು ಗೆದ್ದು ತನ್ನ ಹೆಸರಿನ ತುದಿಗೆ ತಾನೇ ಅದನ್ನು ಅಂಟಿಸಿಕೊಂಡ. ಸಂತರು ಇಟ್ಟುಕೊಂಡರು, ಧರ್ಮಗುರುಗಳು ಇಟ್ಟುಕೊಂಡರು. ಎರಡು ಸಾವಿರ ವರ್ಷವಾದರೂ ಹಳತಾಗಿಲ್ಲ. ಎಷ್ಟೋ ದೇಶಗಳಲ್ಲಿ ಗಂಡುಮಕ್ಕಳ ಹೆಸರಿನ ಪಟ್ಟಿ ತೆಗೆದರೆ ಈಗಲೂ ಮೇಲಿನ ಸಾಲಿನಲ್ಲೇ ಇರುತ್ತದೆ.

"ಫಲ ಬಿಡದ ಮರಕ್ಕೆ ಏನಂತಿದ್ರಂತೆ?" ಮಾವ ಮೆಲ್ಲಗೆ ಕೇಳಿದರು.

ಪುಸ್ತಕದಲ್ಲಿ ಅದೂ ಇತ್ತು. ಅವಳು ಬೇಕೆಂದೇ ಬಿಟ್ಟಿದ್ದಳು. "ಅದಕ್ಕೆ ಬೇರೆ ಹೆಸರು ಮಾವ. ಅಂಥ ಮರಕ್ಕೆ ತಪ್ಪು ಮಾಡಿದವರನ್ನ ನೇಣು ಹಾಕ್ತಿದ್ದರಂತೆ."

"ಒಳ್ಳೇದಾಯ್ತು. ಮಗುವಿಗೆ ಹೆಸರಿಡು ಅಂದ್ರೆ ತೋಟಕ್ಕೆ ನುಗ್ಗಿದ್ದೀಯ" ಎಂದರು ಅತ್ತೆ.

ಮಾವ ಅರ್ಧ ಊಟಕ್ಕೇ ಕೈತೊಳೆದು ಎದ್ದರು. ಬಾಗಿಲಲ್ಲಿ ನಿಂತು, "ಆ ಹೆಸರು ಬೇಡಮ್ಮ" ಎಂದರು. ಅಷ್ಟೇ. ಮದುವೆಯಾಗಿ ಬಂದ ಎರಡು ವರ್ಷದಲ್ಲಿ ಅವರು ಅವಳಿಗೆ ಬೇಡ ಎಂದ ಮೊದಲ ಮಾತು ಅದು.

ಬೇಡ ಎಂದದ್ದೇ ಅವಳ ತಲೆಗೆ ಹುಳ ಬಿಟ್ಟ ಹಾಗಾಯಿತು. ಮಾವ ಕೆತ್ತಿದ ಪ್ರತಿ ಕಲ್ಲಿನ ಮೇಲೂ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಡುತ್ತಿದ್ದರು. ನಲವತ್ತೈದು ವರ್ಷದ ಅಚ್ಚುಗಳು ವರ್ಷಕ್ಕೊಂದು ಕಟ್ಟಿನಂತೆ ಅಟ್ಟದ ಪೆಟ್ಟಿಗೆಯಲ್ಲಿದ್ದವು. ಆ ಸಂಜೆಯ ಬೆಳಕಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದನ್ನೂ ತಿರುವಿದಳು. ಹೆಸರುಗಳು ಅಲೆಯಲೆಯಾಗಿ ಬಂದು ಹೋಗಿದ್ದವು. ಒಂದು ಕಾಲದ ತೊಟ್ಟಿಲುಗಳಲ್ಲಿ ಮೆರೆದ ಹೆಸರು ಅರವತ್ತೆಪ್ಪತ್ತು ವರ್ಷ ದಾಟಿ ಈ ಕಾಗದಗಳಲ್ಲಿ ಗುಂಪಾಗಿ ಇಳಿದಿತ್ತು. ಎಲ್ಲವೂ ಇದ್ದವು. ಆ ಒಂದು ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ಮಾವನ ಮಾತಿಗೆ ಹೆದರಬೇಕಾದವಳಿಗೆ, ಸತ್ತವರ ನಡುವೆ ಆ ಹೆಸರಿಲ್ಲವೆಂದು ಸಂತೋಷವಾಯಿತು.

ಗುರುವಾರ ಬೆಳಿಗ್ಗೆ ಮಗುವಿನ ತೂಕ ನೋಡಿಸಲು ಹೋದಾಗ ನರ್ಸಮ್ಮನ ಮುಂದೆ ಆ ಹೆಸರು ಹೇಳಿದಳು. ನರ್ಸಮ್ಮ ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯದೆ ನಕ್ಕರು.

"ಆ ಹೆಸರಿಗೆ ಈ ಊರಲ್ಲಿ ಬರವಿಲ್ಲ ಬಿಡಮ್ಮ. ಹೊರಗಿನಿಂದ ಬಂದವಳು ನೀನು, ನಿಂಗೆ ಗೊತ್ತಿಲ್ಲ. ಸಣಕಲು ಹುಟ್ಟಿದ್ದಕ್ಕೆಲ್ಲ ಅದನ್ನೇ ಇಡ್ತಾರೆ. ಶಾಲೇಲಿ ಒಂದು ತರಗತಿಗೇ ನಾಲ್ಕು ಜನ ಇದ್ದಾರೆ."

"ಯಾಕೆ?"

"ಕಂಬದಜ್ಜನ ಹೆಸರಲ್ವ ಅದು. ಕರೆಂಟ್ ಕಂಬದ ತುದಿಯಿಂದ ಬಿದ್ದು, ಎದ್ದು, ಬಟ್ಟೆ ಕೊಡವಿಕೊಂಡು ಮನೆಗೆ ನಡೆದು ಹೋದವರು. ಆಮೇಲೆ ಕಾರ್ಖಾನೆಗೆ ಬೆಂಕಿ ಬಿದ್ದಾಗ ಒಳಗಿದ್ದ ಒಂಬತ್ತು ಜನರಲ್ಲಿ ಹೊರಗೆ ಬಂದಿದ್ದು ಅವರೊಬ್ಬರೇ. ಅವತ್ತಿನಿಂದ ಹೆತ್ತವರೆಲ್ಲ ಆ ಹೆಸರಿನ ಬೆನ್ನು ಬಿದ್ದರು." ನರ್ಸಮ್ಮ ದನಿ ತಗ್ಗಿಸಿದರು. "ಆ ಹೆಸರು ನಿಮ್ಮ ಮಾವನ ಕಲ್ಲಿಗೆ ಹೋಗಲ್ಲ ಅಂತ ಊರೆಲ್ಲ ಹೇಳ್ತಾರೆ. ಮನೇಲೇ ಇದ್ದೀಯ, ನೋಡಿಲ್ವ?"

"ನೋಡಿದೆ. ಇಲ್ಲ."

"ಮತ್ತಿನ್ನೇನು ಯೋಚನೆ, ಬರೆಸಿಬಿಡು. ಮಗು ನೂರಿಪ್ಪತ್ತು ಗ್ರಾಂ ಜಾಸ್ತಿಯಾಗಿದೆ."

ಅವಳು ದಾರಿಯಲ್ಲೇ ನಿಂತು ಗಂಡನಿಗೆ ಮೆಸೇಜು ಕಳಿಸಿದಳು. ಅವಸರದಲ್ಲಿ ಕೊನೆಯ ಕೀಲಿ ಒತ್ತುವುದನ್ನು ಮರೆತು ಹೆಸರು "ಫೆಲಿಕ್ಸ" ಎಂದಾಗಿತ್ತು. "ಇದೇನಿದು, ಫೆಲಿಕ್ಸಾ ಅಂತ ಕೂಗಬೇಕಾ?" ಎಂದು ಗಂಡ ಗೇಲಿ ಮಾಡಿದ್ದ.

ಮನೆಗೆ ಬಂದಾಗ ಸುಡು ಮಧ್ಯಾಹ್ನ. ಅತ್ತೆ ಒಳಗೆ ಮಲಗಿದ್ದರು. ಮಾವ ಅಂಗಳದಲ್ಲಿ ಕೆಲಸ ಬಿಟ್ಟು ಸುಮ್ಮನೆ ಕೂತಿದ್ದರು. ಅವಳು ಎದುರು ನಿಂತಳು.

"ಮಾವ, ನಲವತ್ತೈದು ವರ್ಷದಲ್ಲಿ ನೀವು ಒಂದು ಸಲಾನೂ ಕೆತ್ತದ ಹೆಸರನ್ನ ನನ್ನ ಮಗನಿಗೆ ಯಾಕೆ ಬೇಡ ಅಂತೀರ?"

"ಒಂದು ಸಲ ಕೆತ್ತಿದ್ದೀನಮ್ಮ. ಅಚ್ಚು ತೆಗೆಯೋಕೆ ಧೈರ್ಯ ಬರಲಿಲ್ಲ."

ಎದ್ದು ಹೋಗಿ ಕಾಂಪೌಂಡ್ ಗೋಡೆಗೆ ಮುಖ ಮಾಡಿ ಒರಗಿಸಿದ್ದ ಒಂದು ಕಲ್ಲಿನ ಮೇಲೆ ಕೈಯಿಟ್ಟರು. ಅಲ್ಲಿ ಅಂಥ ಕಲ್ಲುಗಳು ಹತ್ತಾರಿದ್ದವು. ಅವಳು ಎಂದೂ ಗಮನಿಸಿರಲಿಲ್ಲ. ಈಗ ನೋಡಿದರೆ ಉಳಿದ ಕಲ್ಲುಗಳ ಬೆನ್ನಿನ ಮೇಲೆಲ್ಲ ಬೆರಳಷ್ಟು ಪುಡಿ ಕೂತಿತ್ತು. ಇದರ ಬೆನ್ನು ಮಾತ್ರ ತೊಳೆದಿಟ್ಟ ಹಾಗೆ ಕಪ್ಪಗಿತ್ತು.

"ನೀವು ಒರೆಸ್ತೀರಾ?"

"ಮುಟ್ಟಲ್ಲ. ಪುಡಿ ಕೂರೋದೇ ಇಲ್ಲ ಇದರ ಮೇಲೆ."

ಮಾವ ಹೇಳಿದ್ದು ಇಷ್ಟು. ಆಗ ಅವರಿಗೆ ಇಪ್ಪತ್ತನಾಲ್ಕು. ಕೆಲಸ ಕಲಿಸಿದ ಗುರುಗಳು ತೀರಿಕೊಂಡು ತಿಂಗಳಾಗಿತ್ತು, ಒಬ್ಬರೇ ಕೂತು ಮಾಡಿದ ಮೊದಲ ಕಲ್ಲು ಅದು. ಒಂದು ಚೀಟಿ ಬಂತು. ಶಾಲೆಯಲ್ಲಿ ಕಾಗದ ಬರೆಯಲು ಕಲಿಸುತ್ತಾರಲ್ಲ, ಅದೇ ಕ್ರಮ: ಮೇಲೆ ಎಡಕ್ಕೆ "ಇಂದ" ಎಂದು ಬರೆದು ಕೆಳಗೆ ಒಂದು ಹೆಸರು. ಆಮೇಲೆ "ಗೆ", ಕಲ್ಲು ಕೆತ್ತುವವರು. ತಮ್ಮ ತೀರಿಕೊಂಡಿದ್ದಾನೆ, ಬರೀ ಹೆಸರು ಕೆತ್ತಿದರೆ ಸಾಕು ಎಂದು ನಡುವೆ ಎರಡು ಸಾಲು. ತಮ್ಮನ ಹೆಸರಿದ್ದದ್ದು ಕೊನೆಯಲ್ಲಿ, ಚೀಟಿಯ ಮಡಿಕೆಯೊಳಗೆ. ಹೊಸ ಕೈ, ಹೊಸ ಹುಮ್ಮಸ್ಸು. ಮೇಲೆ ಕಂಡ ಹೆಸರನ್ನೇ ಕಲ್ಲಿಗೆ ಇಳಿಸಿದರು. ಚೀಟಿ ಬರೆದ ಅಣ್ಣನ ಹೆಸರು. ಬದುಕಿದ್ದವನ ಹೆಸರು.

"ತಪ್ಪಾದ್ರೆ ಏನಾಯ್ತು ಮಾವ? ಮನೆಯವರು ಬಂದು ಓದೋವರೆಗೂ ನೀವು ತಲೆಕಟ್ಟು ಹಾಕಲ್ವಲ್ಲ."

"ಅಲ್ಲೇ ಇರೋದಮ್ಮ ಪೇಚು." ಅವರು ನೆಲದ ಪುಡಿಯಲ್ಲಿ ಬೆರಳಿನಿಂದ ಬರೆದು ತೋರಿಸಿದರು. "ಫಕ್ಕೆ ಎತ್ವ ಕೊಟ್ಟರೆ ಫೆ, ತಲೆಕಟ್ಟು ಹೋಯ್ತು. ಲಕ್ಕೆ ಗುಡಿಸು, ಲಿ. ಅದಕ್ಕೂ ಇಲ್ಲ. ಕೊನೇಲಿ ಅರ್ಧಾಕ್ಷರ, ಕ್ಸ್. ಅದರ ತಲೆ ಮೇಲೆ ಕೊಕ್ಕೆ. ಇಡೀ ಹೆಸರಲ್ಲಿ ಒಂದೇ ಒಂದು ತಲೆಕಟ್ಟಿಲ್ಲ. ನಾನು ಮೈ ಮಾತ್ರ ಕೆತ್ತಿದ್ದೀನಿ ಅಂದ್ಕೊಂಡು ಕೈ ಒರೆಸಿಕೊಂಡೆ. ನೋಡಿದ್ರೆ ಹೆಸರು ಮುಗಿದೇಹೋಗಿತ್ತು. ಯಾರೂ ಓದಿಲ್ಲ, ಯಾರೂ ಹೌದು ಅಂದಿಲ್ಲ. ಆದ್ರೂ ಮುಗಿದಿತ್ತು."

ಅಣ್ಣ ಬಂದು ನೋಡಿ ನಕ್ಕುಬಿಟ್ಟರಂತೆ. ಐವತ್ತರ ಗಟ್ಟಿ ಆಳು, ಕರೆಂಟ್ ಕಂಬ ಹತ್ತುವ ಕೆಲಸ. "ಮುಂಗಡವಾಗಿ ಮಾಡಿಟ್ಟಿದ್ದೀಯಲ್ಲೋ. ಇರಲಿ, ಗೋಡೆಗೆ ತಿರುಗಿಸಿಡು, ಬೇಕಾದಾಗ ಹೇಳ್ತೀನಿ" ಎಂದರಂತೆ. ತಮ್ಮನಿಗೆ ಬೇರೆ ಕಲ್ಲಾಯಿತು. ಮರುವರ್ಷ ಅವರು ಕಂಬದಿಂದ ಬಿದ್ದರು. ಆಗಲೇ ಊರಿಗೆ ಅವರು ಕಂಬದಜ್ಜ ಆದದ್ದು.

"ಬೇಕಾದಾಗ ಅನ್ನೋದು ಇನ್ನೂ ಬಂದಿಲ್ಲ. ಅವರ ಹೆಂಡತಿಗೆ ಕೆತ್ತಿದೆ. ದೊಡ್ಡ ಮಗನಿಗೆ, ಮಗಳಿಗೆ, ಚಿಕ್ಕ ಮಗನಿಗೆ. ಹೋದ ವರ್ಷ ಮೊಮ್ಮಗನಿಗೆ. ಪ್ರತಿ ಸಲ ಅದೇ ಥರ ಚೀಟಿ, ಮೇಲೆ 'ಇಂದ', ಕೆಳಗೆ ಅದೇ ಹೆಸರು. ಈಗ ಅವರಿಗೆ ತೊಂಬತ್ತೈದು ದಾಟಿದೆ. ಒಂದು ನೆಗಡಿ ಬಂದಿಲ್ಲಮ್ಮ."

ಮಗು ಅವಳ ಹೆಗಲ ಮೇಲೆ ಮಿಸುಕಿತು. ಅವಳು ಅಭ್ಯಾಸದಂತೆ ಅದರ ಮೂಗಿನ ಬಳಿ ಬೆರಳಿಟ್ಟು ನೋಡಿದಳು. "ಒಡೆದುಹಾಕಬೇಕಿತ್ತು ಅದನ್ನ."

"ಸುತ್ತಿಗೆ ಹಾಕಿದೆ. ಹಿಡಿ ಮುರೀತು. ಕೆಳಗೆ ತಲೆಕಟ್ಟಿರೋ ಇನ್ನೊಂದು ಮಾತು ಸೇರಿಸೋಣ ಅಂತ ಹೋದೆ, ಉಳಿಯ ಬಾಯಿ ಹಾರಿ ಇಲ್ಲಿ ಚುಚ್ಚಿತು." ಕತ್ತಿನ ಬಳಿಯ ಗಾಯದ ಕಲೆ ತೋರಿಸಿದರು. ಆಮೇಲೆ ಗೇಟಿನ ಕಡೆ ನೋಡಿ ಎದ್ದು ನಿಂತರು. "ಬನ್ನಿ" ಎಂದರು.

ಗೇಟು ತೆರೆದ ಸದ್ದು ಅವಳಿಗೆ ಕೇಳಿಸಿರಲಿಲ್ಲ. ಬಿಸಿಲಿನಲ್ಲಿ ಒಬ್ಬ ಮುದುಕರು ನಿಂತಿದ್ದರು. ನೇರ ಬೆನ್ನು, ಪಾಲಿಶ್ ಮಾಡಿದ ಬೂಟು, ಮುಖದಲ್ಲಿ ಒಂದು ಹನಿ ಬೆವರಿಲ್ಲ. ತೊಂಬತ್ತೈದು ಎಂದು ಮಾವ ಹೇಳದಿದ್ದರೆ ಎಪ್ಪತ್ತು ಎನ್ನಬಹುದಿತ್ತು. ಕಣ್ಣುಗಳು ಮಾತ್ರ ಬಹಳ ದಿನ ಬೀಗ ಹಾಕಿದ ಮನೆಯ ಕಿಟಕಿಯಂತಿದ್ದವು.

"ಇವತ್ತಾದ್ರೂ ಮುಗಿಸಿಕೊಡ್ತೀಯೇನಪ್ಪ?" ಎಂದು ಕೇಳಿದರು. ದಿನಸಿ ಅಂಗಡಿಯಲ್ಲಿ ಸಾಮಾನು ಕೇಳುವ ದನಿ. ಆಮೇಲೆ ಮಗುವನ್ನು ನೋಡಿ ಹತ್ತಿರ ಬಂದರು. "ಏನು ಹೆಸರು?"

ಸೊಸೆಯ ಕಣ್ಣು ಗೋಡೆಗೆ ಒರಗಿದ ಆ ಕಲ್ಲಿನ ಕಡೆ ಹೋಯಿತು. ಮಾವ ನೆಲ ನೋಡಿದರು. ಮುದುಕರಿಗೆ ಅರ್ಥವಾಯಿತು.

"ಓಹೋ, ನಿಮ್ಮ ಮನೇಲೂ ಅದೇನಾ? ಇಡಿ ಇಡಿ. ಅದೃಷ್ಟದ ಹೆಸರು." ಜಗಲಿಯ ಅಂಚಿನಲ್ಲಿ ಕೂತರು. "ಸಾವಿಗೆ ನನ್ನ ಮನೆ ನಂಬರ್ ಮರೆತುಹೋಗಿದೆಯಮ್ಮ. ಪಕ್ಕದ ಮನೆ ಗೊತ್ತು, ಎದುರು ಮನೆ ಗೊತ್ತು. ನನ್ನ ಮನೆ ಒಳಗೇ ಬಂದು ಹಾಸಿಗೆ ಹಾಸಿಗೆ ಹುಡುಕಿ ಬೇರೆಯವರನ್ನ ಎಬ್ಬಿಸಿಕೊಂಡು ಹೋಗಿದೆ. ನಾನು ಅಲ್ಲೇ ಕೂತಿರ್ತಿದ್ದೆ, ಇಷ್ಟು ದೂರದಲ್ಲಿ."

"ಹಾಗೆಲ್ಲ ಮಾತಾಡಬೇಡಿ ಅಜ್ಜ" ಎಂದಳು ಸೊಸೆ.

"ಅದೃಷ್ಟ ಅಂದ್ರೆ ಏನು ಹೇಳು? ಬಸ್ಸಲ್ಲಿ ಸೀಟು ಸಿಕ್ಕಿದ ಹಾಗೆ. ಚೆನ್ನಾಗೇ ಇರುತ್ತೆ. ಒಬ್ಬೊಬ್ಬರೇ ಇಳೀತಾರೆ. ಹೆಂಡತಿ ಇಳಿದಳು, ಮಕ್ಕಳು ಇಳಿದರು. ಕೊನೇಗೆ ಡ್ರೈವರೂ ಇಳಿದು ಹೋದ. ಬಸ್ಸು ಮಾತ್ರ ಓಡ್ತಾನೇ ಇದೆ."

ಮಗು ಅವರ ಬೂಟಿನ ಹೊಳಪನ್ನೇ ನೋಡುತ್ತಿತ್ತು. ಸೊಸೆ ಮಗುವಿನ ಬೆರಳುಗಳನ್ನು ನೋಡಿದಳು. ತಾನು ಮೊದಲು ಹೋಗುವುದು ಸರಿಯೇ, ತಾಯಿ ಮೊದಲು ಹೋಗಬೇಕಾದವಳೇ. ಆದರೆ ಈ ಬೆರಳುಗಳು ಒಂದು ದಿನ "ಇಂದ" ಎಂದು ಬರೆದು ಇವನ ಮಕ್ಕಳಿಗೇ ಕಲ್ಲು ಕೇಳುವುದು? ಆಮೇಲೆ ಆ ಮಕ್ಕಳ ಮಕ್ಕಳಿಗೆ?

"ಮುಗಿಸಿಕೊಡು ಅಂದ್ರೆ ನಾನೇನು ಮುಗಿಸಲಿ" ಎಂದು ಮಾವ ಮುದುಕರಿಗೆ ಹೇಳುತ್ತಿದ್ದರು. ಎಷ್ಟೋ ಸಲ ಆಡಿ ಸವೆದ ಮಾತು. "ಬಾಕಿ ಏನೂ ಇಲ್ಲವಲ್ಲ ಅದರಲ್ಲಿ. ಹೌದು ಅಂದ ಮೇಲೆ ಇಡೋಕೆ ತಲೆಕಟ್ಟೇ ಇಲ್ಲ."

"ಕೊನೇ ಕೊಕ್ಕೆ ತೆಗೆದ್ರೆ ಬರುತ್ತೆ ಮಾವ" ಎಂದುಬಿಟ್ಟಳು ಸೊಸೆ. ಫೋನಿನಲ್ಲಿ ಬೆಳಿಗ್ಗೆ ಆದ ತಪ್ಪು ಕಣ್ಣಮುಂದಿತ್ತು. "ಕ್ಸ್ ಅನ್ನೋದು ಕ್ಸ ಆಗುತ್ತೆ. ಕ ಮೇಲೆ ತಲೆಕಟ್ಟು ಕೂರುತ್ತೆ."

ಇಬ್ಬರು ಮುದುಕರೂ ಅವಳ ಕಡೆ ತಿರುಗಿದರು. ತಾನು ಏನು ಹೇಳಿದೆ ಎಂಬುದು ಅವಳಿಗೆ ಆಮೇಲೆ ಹೊಳೆಯಿತು.

ಮಾವ ಕಲ್ಲನ್ನು ಗೋಡೆಯಿಂದ ತಿರುಗಿಸಿದರು. ನಲವತ್ತೈದು ವರ್ಷ ನೆರಳಲ್ಲಿದ್ದ ಅಕ್ಷರಗಳು ನಿನ್ನೆ ಕೆತ್ತಿದ ಹಾಗೆ ಬೆಳ್ಳಗಿದ್ದವು. ಕಲ್ಲುಪುಡಿಗೆ ಅಂಟು ಕಲಸಿ ಕೊನೆಯ ಅಕ್ಷರದ ಕೊಕ್ಕೆಯನ್ನು ಮುಚ್ಚಿದರು. ಸಣ್ಣ ಉಳಿ ಹಿಡಿದು, ಕೈ ನಿಲ್ಲಿಸಿದರು.

"ಮನೆಯವರು ಓದಬೇಕು."

"ಯಾರಿದ್ದಾರೆ?" ಎಂದರು ಕಂಬದಜ್ಜ. ಆಮೇಲೆ ಸೊಸೆಯನ್ನು ನೋಡಿದರು. "ನೀನು ಓದಮ್ಮ. ನನ್ನ ಹೆಸರನ್ನ ಮಗನಿಗೆ ಇಡಬೇಕು ಅಂತ ಹೊರಟವಳು, ನೀನೇ ಈಗ ನನ್ನ ಮನೆಯವಳು."

ಅವಳು ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. "ಓದದೇ ಇದ್ದರೆ ಏನಾಗುತ್ತೆ?"

"ಏನೂ ಆಗಲ್ಲ. ಅದೇ ಅಲ್ವ ತೊಂದರೆ."

ರಸ್ತೆಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಅವಳು ಮಗುವಿನ ಕಿವಿಯನ್ನು ಅಂಗೈಯಿಂದ ಮುಚ್ಚಿದಳು. ಓದಿದಳು. ಕೊಕ್ಕೆಯಿಲ್ಲದ ಆ ಹೆಸರು ಅವಳ ಬಾಯಲ್ಲಿ ಎಂದಿಗಿಂತ ಉದ್ದವಾಗಿ, ಬಾಗಿಲು ತೆರೆದುಕೊಂಡ ಹಾಗೆ ಮುಗಿಯಿತು. "ಹೌದು" ಎಂದಳು. "ಇವರೇ."

ಮಾವನ ಉಳಿ ಮೂರು ಸಲ ಟಕ್ಕೆಂದಿತು. ಈ ಸಲ ಏನೂ ಮುರಿಯಲಿಲ್ಲ. ಕಂಬದಜ್ಜ ಎದ್ದು ಜೇಬಿನಿಂದ ಕರವಸ್ತ್ರ ತೆಗೆದು ಹಣೆಗೆ ಒತ್ತಿಕೊಂಡರು. ಹಣೆಯ ಮೇಲೆ ಬೆವರಿತ್ತು. ಅದನ್ನು ಅವರು ವಿಚಿತ್ರವೆಂಬಂತೆ ನೋಡಿ, "ಸೆಕೆ ಅಲ್ವ ಇವತ್ತು" ಎಂದು ಹೇಳಿ ಹೋದರು.

ಶುಕ್ರವಾರ ಬೆಳಿಗ್ಗೆ ಹಾಲಿನವನು ಸುದ್ದಿ ತಂದ. ಬಾಗಿಲು ತೆಗೆದಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರಂತೆ, ಬೂಟು ಹಾಕಿಕೊಂಡೇ. "ನಗ್ತಾ ಇದ್ದರು ಅಂತಾರೆ. ನಾನು ನೋಡ್ಲಿಲ್ಲಪ್ಪ, ಹಾಲು ಇಟ್ಟು ಬಂದೆ."

"ನೂರು ಕಂಡೇ ಹೋಗ್ತಾರೆ ಅಂದ್ಕೊಂಡಿದ್ದೆ" ಎಂದರು ಅತ್ತೆ. ಮಾವ ಆ ಕಲ್ಲಿನ ಬಳಿಗೆ ಹೋಗಿ ಬೆನ್ನ ಮೇಲೆ ಬೆರಳಾಡಿಸಿದರು. ಬೆರಳ ತುದಿಗೆ ಬೂದು ಪುಡಿ ಅಂಟಿತ್ತು.

"ನಾನೇ ಅಲ್ವ ಮಾವ?" ಎಂದು ಸೊಸೆ ಕೇಳಿದಳು.

"ತೊಂಬತ್ತೈದು ವರ್ಷದವರು ಹೋದ್ರೆ ಯಾರು ಕಾರಣ ಅಂತ ಯಾರೂ ಕೇಳಲ್ಲಮ್ಮ."

"ಅವರು ಕೇಳಲ್ಲ. ನಾನು ಕೇಳ್ತಿದ್ದೀನಿ."

ಮಾವ ಬೆರಳನ್ನು ಪಂಚೆಗೆ ಒರೆಸಿಕೊಂಡರು. "ನಾಲ್ಕು ಗಂಟೆಗೆ ಕಚೇರಿ ಮುಚ್ಚುತ್ತೆ. ಬೇರೆ ಯಾವುದಾದ್ರೂ ಹೆಸರು ಬರೆಸಿ ಬಾ" ಎಂದರು.

ಅವಳು ಬೇರೆ ಹೆಸರನ್ನೇ ಯೋಚಿಸಿಕೊಂಡು ಹೊರಟಳು. ದಾರಿಯ ಒಂದು ಬದಿಗೆ ಶಾಲೆ, ಇನ್ನೊಂದು ಬದಿಗೆ ಅದರ ಮೈದಾನ. ಬಿಡುವಿನ ಹೊತ್ತು, ಮೈದಾನದ ತುಂಬ ಮಕ್ಕಳು. ಮೇಷ್ಟರೊಬ್ಬರು ಮೆಟ್ಟಿಲ ಮೇಲಿಂದ ಆ ಹೆಸರನ್ನು ಕೂಗಿದರು. ಬೇರೆ ಬೇರೆ ಮೂಲೆಗಳಲ್ಲಿ ಆಡುತ್ತಿದ್ದ ನಾಲ್ವರು ಹುಡುಗರು ಒಟ್ಟಿಗೆ ನಿಂತು ಒಟ್ಟಿಗೆ ತಿರುಗಿದರು. ಮೇಷ್ಟರು ಅವಳ ಹಿಂದೆ, ಶಾಲೆಯ ಮೆಟ್ಟಿಲಲ್ಲಿದ್ದರು. ಹಾಗಾಗಿ ಆ ನಾಲ್ಕು ಮುಖಗಳೂ ನೋಡಿದ್ದು ಅವಳನ್ನು. ನಿನ್ನೆಯವರೆಗೆ ಕಲ್ಲಿಗೆ ಹೋಗದ ಹೆಸರು ಅವರದು. ಹೌದು ಎಂದು ಹೇಳಿ ಬಾಗಿಲು ತೆಗೆದವಳು ಅವಳು. ಬೇರೆಯವರ ಮಕ್ಕಳನ್ನೆಲ್ಲ ಆ ಬಾಗಿಲ ಮುಂದೆ ನಿಲ್ಲಿಸಿ ತನ್ನವನನ್ನು ಮಾತ್ರ ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಿನ ಓಣಿಯಿಂದ ಕರೆದೊಯ್ಯುವುದು ಹೇಗೆ? ಆ ಹುಡುಗರು ಮತ್ತೆ ಆಟಕ್ಕೆ ತಿರುಗುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.

ಕಚೇರಿಯಲ್ಲಿ ಉದ್ದನೆಯ ಸಾಲು. ಮಗುವನ್ನು ಎಡಗೈಯಲ್ಲಿ ಒತ್ತಿ ಹಿಡಿದು ಗೋಡೆಗೆ ಕಾಗದವಿಟ್ಟು ಅರ್ಜಿ ತುಂಬಿದಳು. ಹೆಸರಿನ ಜಾಗದಲ್ಲಿ ಅದೇ ಹೆಸರನ್ನು ಬರೆದಳು. ಕೊನೆಯ ಕೊಕ್ಕೆಯನ್ನು ಬಿಟ್ಟು, ಕ ಮೇಲೆ ತಲೆಕಟ್ಟನ್ನು ಕಾಣುವ ಹಾಗೆ ಒತ್ತಿ ಎಳೆದಳು. ಅದೃಷ್ಟವಿರಲಿ, ಕೊನೆಯೂ ಇರಲಿ. ಎಲ್ಲರಿಗೂ ಇರುವಷ್ಟೇ.

ಗಾಜಿನ ಹಿಂದಿನ ಗುಮಾಸ್ತರು ಕನ್ನಡಕ ಏರಿಸಿ ಅರ್ಜಿ ಓದಿದರು. ಒಳ್ಳೆಯ ಮನುಷ್ಯರು, ಎದುರು ನಿಂತ ತಾಯಿ ಸುಸ್ತಾಗಿರುವುದನ್ನು ಕಂಡು ಮೆಲ್ಲಗೆ ನಕ್ಕರು.

"ಅವಸರದಲ್ಲಿ ಅರ್ಧಾಕ್ಷರ ಬಿಟ್ಟಿದ್ದೀರಮ್ಮ. ಮುಂದೆ ಶಾಲೇಲಿ, ಪಾಸ್‌ಪೋರ್ಟಲ್ಲಿ ಎಲ್ಲ ಕಡೆ ಮಗೂಗೆ ತೊಂದರೆ ಆಗುತ್ತೆ."

"ಸರ್, ಅದು ಹಾಗೇ—"

ಗಾಜಿನ ಆಚೆಗೆ ಅವಳ ದನಿ ಮುಟ್ಟಲಿಲ್ಲ. ಗುಮಾಸ್ತರ ಪೆನ್ನು ತಲೆಕಟ್ಟಿನ ತುದಿಯನ್ನು ಹಿಡಿದು ಮೇಲಕ್ಕೆ ಎಳೆದು ಚೆಂದದ ಕೊಕ್ಕೆಯಾಗಿ ಬಳುಕಿಸಿತು. ಅದನ್ನೇ ನೋಡಿಕೊಂಡು ದಪ್ಪ ರಿಜಿಸ್ಟರಿನಲ್ಲಿ ಹೆಸರನ್ನು ಇಳಿಸಿದರು: ಫೆ, ಲಿ, ಕ್ಸ್. ಯಾರೂ ಓದಲಿಲ್ಲ, ಯಾರೂ ಹೌದು ಅನ್ನಲಿಲ್ಲ. ಮುದ್ರೆ ಬಿತ್ತು.

"ತಿದ್ದಬೇಕು ಸರ್" ಎಂದಳು, ಈ ಸಲ ಗಾಜಿಗೆ ಬಾಯಿ ತಾಗಿಸಿ.

"ಸರಿಯಾಗಿದೆಯಲ್ಲಮ್ಮ ಈಗ. ಸರಿಯಾಗಿರೋದನ್ನ ತಪ್ಪು ಮಾಡೋಕೆ ಇಲ್ಲಿ ಅರ್ಜಿ ಇಲ್ಲ."

ಅವಳು ಕಂಬಿಯನ್ನು ಹಿಡಿದು ನಿಂತೇ ಇದ್ದಳು. ತೋಳಿನ ಮೇಲೆ ಮಗು ಬೆಚ್ಚಗೆ, ಭಾರವಾಗಿ, ಎಳ್ಳಷ್ಟೂ ತಡೆಯಿಲ್ಲದೆ ಉಸಿರಾಡುತ್ತಿತ್ತು. ಬೆರಳಿಟ್ಟು ನೋಡುವ ಅಗತ್ಯವೇ ಇರಲಿಲ್ಲ. ಬೆನ್ನ ಹಿಂದೆ ಯಾರೋ ಗೊಣಗಿದರು.

"ನಿಂದಾಯ್ತಲ್ಲ, ಮುಂದೆ ಹೋಗಮ್ಮ."